ಪಾವು ಅಕ್ಕಿಗೆ ಎಷ್ಟು ನೀರು? ಅಡುಗೆ ಕಲಿಸಿದ ಚರಿತ್ರೆ

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಆ ಉಪ್ಪನ್ನು ಎಷ್ಟು ಹಾಕಬೇಕು ಎಂದು ತಾಯಿಯನ್ನೇ ಕೇಳಿ ನೋಡಿ. "ಹದ ನೋಡಿ ಹಾಕು" ಎನ್ನುತ್ತಾಳೆ. ಹದ ಗೊತ್ತಿದ್ದವರಿಗೆ ಆ ಉತ್ತರ ಸಾಕು. ಗೊತ್ತಿಲ್ಲದವರು ಏನು ಮಾಡಬೇಕು? ಏನೂ ಬಾರದವರಿಗೆ ಅನ್ನ, ಸಾರು, ಪಲ್ಯ, ರೊಟ್ಟಿಯಂಥ ದಿನದ ಅಡುಗೆಯನ್ನು ಯಾರು ಕಲಿಸಿದರು, ಹೇಗೆ ಕಲಿಸಿದರು? ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಪ್ರಶ್ನೆ ಸಣ್ಣದಲ್ಲ.

ಅರಮನೆಯ ಪುಸ್ತಕಗಳು

ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷದ ಹಿನ್ನೆಲೆಯಿದೆ. 1025ರ ಸುಮಾರಿಗೆ ಚಾಲುಕ್ಯರ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವಾಸ್ತು, ಬೇಸಾಯ, ವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಜಾಗವಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ರಾಜನ ಊಟದ ವಿವರ ವಿಸ್ತಾರವಾಗಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ. ಬದನೆಕಾಯಿಗೇ ಒಂದು ಅಧ್ಯಾಯ ಮೀಸಲಿಟ್ಟ ಪುಸ್ತಕ ಅದು!

ಇವೆಲ್ಲ ನಮ್ಮ ಹೆಮ್ಮೆ. ಆದರೂ ಒಲೆ ಹಚ್ಚಲು ಬಾರದವರಿಗೆ ಇವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಓದುವವನಿಗೆ ಎಸರು, ಉರಿ, ಹದ ಎಲ್ಲ ಆಗಲೇ ಗೊತ್ತಿದೆ ಎಂದುಕೊಂಡು ಬರೆದ ಪುಸ್ತಕಗಳಿವು. ಬರೆದವರು ಗಂಡಸರು, ಮನೆಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಹೆಂಗಸರು. ಅವರಲ್ಲಿ ಓದು ಬಲ್ಲವರು ತೀರಾ ಕಡಿಮೆ. 1901ರ ಜನಗಣತಿಯ ಹೊತ್ತಿಗೂ ಭಾರತದಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ.

ಒಲೆಯ ಮುಂದಿನ ಪಾಠ

ಹಾಗಾಗಿ ನಿಜವಾದ ಪಾಠಶಾಲೆ ಒಲೆಯ ಮುಂದೆಯೇ ನಡೆಯಿತು. ಅದಕ್ಕೂ ಒಂದು ಕ್ರಮವಿತ್ತು. ಮೊದಲು ಅಕ್ಕಿಯಲ್ಲಿ ಕಲ್ಲು ಆರಿಸುವುದು, ಸೊಪ್ಪು ಬಿಡಿಸುವುದು. ಆಮೇಲೆ ಹೆಚ್ಚುವುದು, ರುಬ್ಬುವುದು. ಉರಿಯ ಹತ್ತಿರ ಹೋಗಲು ಬಿಡುತ್ತಿದ್ದದ್ದು ಕೊನೆಗೆ. ಮಾತಿನಲ್ಲಿ ಹೇಳಿಕೊಡುವುದು ಕಡಿಮೆ, ನೋಡಿ ಕಲಿಯುವುದೇ ಹೆಚ್ಚು. ಮದುವೆಯಾದ ಹುಡುಗಿ ಅತ್ತೆ ಮನೆಯಲ್ಲಿ ಎರಡನೇ ಸಲ ಕಲಿಯಬೇಕಿತ್ತು. ತವರಿನ ಸಾರಿನ ಹದ ಇಲ್ಲಿ ನಡೆಯುತ್ತಿರಲಿಲ್ಲ.

ಗಂಡುಹುಡುಗರಿಗೆ ಮನೆಯಲ್ಲಿ ಈ ಪಾಠವಿರಲಿಲ್ಲ. ಅವರು ಕಲಿತರೆ ಹೋಟೆಲಿನಲ್ಲಿ ಕಲಿತರು. ಉಡುಪಿ, ಕುಂದಾಪುರದ ಕಡೆಯಿಂದ ಮುಂಬಯಿ, ಪುಣೆಗೆ ಬಂದ ಎಷ್ಟೋ ಹುಡುಗರು ಲೋಟ ತೊಳೆಯುವುದರಿಂದ ಶುರುಮಾಡಿ, ಬಡಿಸುವವರಾಗಿ, ಅಡುಗೆಭಟ್ಟರ ಕೈಕೆಳಗೆ ನಿಂತು, ಕಡೆಗೆ ತಾವೇ ಭಟ್ಟರಾದರು. ಹುಡುಗಿ ಅಡುಗೆ ಕಲಿತದ್ದು ಮದುವೆಗೆ, ಹುಡುಗ ಕಲಿತದ್ದು ಸಂಬಳಕ್ಕೆ. ತನ್ನ ಹೊಟ್ಟೆಗೆ ತಾನೇ ಬೇಯಿಸಿಕೊಳ್ಳಲು ಕಲಿಯಬೇಕು ಎಂಬ ಮಾತು ಎರಡೂ ಕಡೆ ಇರಲಿಲ್ಲ.

ಪುಣೆಯಲ್ಲಿ ನಡೆದ ವಾದ

ಅಡುಗೆ ಶಾಲೆಯ ವಿಷಯವಾಗಬೇಕೇ ಎಂಬ ವಾದಕ್ಕೆ ನಮ್ಮ ನೆರೆಯ ಪುಣೆಯೇ ಒಂದು ದೊಡ್ಡ ಅಖಾಡ. 1884ರಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಶುರುವಾಯಿತು. ಅದೇ ಇಂದಿನ ಹುಜೂರಪಾಗಾ. ಅಲ್ಲಿ ಹುಡುಗಿಯರು ಹುಡುಗರ ಹಾಗೆಯೇ ಇಂಗ್ಲಿಷ್ ಪಾಠ ಕಲಿಯಬೇಕೇ, ಮನೆಗೆಲಸಕ್ಕೆ ಒದಗುವ ಪಾಠ ಸಾಕೇ ಎಂದು ಜೋರು ಚರ್ಚೆ ನಡೆಯಿತು. ಟಿಳಕರ ಪತ್ರಿಕೆಗಳು ಮನೆಗೆಲಸದ ಪಾಠದ ಪರವಾಗಿದ್ದವು. 1916ರಲ್ಲಿ ಧೋಂಡೋ ಕೇಶವ ಕರ್ವೆ ಅವರು ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದಾಗ ಗೃಹವ್ಯವಸ್ಥೆ, ಆರೋಗ್ಯಗಳಿಗೂ ಪಾಠಕ್ರಮದಲ್ಲಿ ಜಾಗ ಸಿಕ್ಕಿತು.

ಇದರಲ್ಲಿ ಒಳ್ಳೆಯದೂ ಇತ್ತು, ತೊಡಕೂ ಇತ್ತು. ಅಡುಗೆಯೂ ಒಂದು ವಿದ್ಯೆ ಎಂದು ಒಪ್ಪಿದ್ದು ಒಳ್ಳೆಯದು. ಅದು ಹೆಣ್ಣಿನ ವಿದ್ಯೆ ಮಾತ್ರ ಎಂದು ಗೆರೆ ಎಳೆದದ್ದು ತೊಡಕು. ಆ ಗೆರೆಯ ನೆರಳು ಇಂದಿಗೂ ನಮ್ಮ ಮನೆಗಳಲ್ಲಿ ಉಂಟು.

ಕಲಿಯುವವರಿಗಾಗಿ ಬರೆದವರು

ಹೆಂಗಸರೇ ಹೆಂಗಸರಿಗಾಗಿ ಬರೆದ ಪುಸ್ತಕಗಳು 20ನೇ ಶತಮಾನದಲ್ಲಿ ಬಂದವು. ಮರಾಠಿಯಲ್ಲಿ ಲಕ್ಷ್ಮೀಬಾಯಿ ಧುರಂಧರ ಅವರ 'ಗೃಹಿಣಿಮಿತ್ರ' 1910ರಲ್ಲಿ ಪ್ರಕಟವಾಯಿತು. ಸಾವಿರ ಪಾಕಗಳು ಎಂಬ ಮಾತು ಅದರ ಹೆಸರಿನಲ್ಲೇ ಇದೆ. ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಮಿಳಿನ 'ಸಮೈತ್ತುಪ್ಪಾರ್' ಹೊರತಂದರು. 'ಅಡುಗೆ ಮಾಡಿ ನೋಡು' ಎಂದು ಅದರ ಅರ್ಥ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ಅವರಿಗೆ, ಅಡುಗೆಯ ವಿಧಾನ ಕೇಳಿ ನೆಂಟರಿಷ್ಟರಿಂದ ಕಾಗದಗಳು ಬರುತ್ತಿದ್ದವು. ಅವಕ್ಕೆ ಉತ್ತರ ಬರೆಯುತ್ತಲೇ ಪುಸ್ತಕದ ಯೋಚನೆ ಹುಟ್ಟಿತು. ಕೇಳುವವರು ದೂರ ಹೋಗಿದ್ದರಿಂದಲೇ ಹೇಳುವವರು ಬರೆಯಬೇಕಾಯಿತು ಎಂಬುದನ್ನು ಗಮನಿಸಿ.

ಸಾಂಗ್ಲಿ ಸೀಮೆಯಲ್ಲಿ ಹುಟ್ಟಿದ ಕಮಲಾಬಾಯಿ ಓಗಲೆ ಅವರ 'ರುಚಿರಾ' 1970ರಲ್ಲಿ ಬಂತು. ಅವರ ಶಾಲೆಯ ಓದು ಕೆಲವೇ ತರಗತಿಗಳದು. ಅಡುಗೆಯ ಗುರು ಅವರ ಅತ್ತೆ. ಸೇರು, ತೊಲೆಗಳನ್ನು ಬಿಟ್ಟು ಅವರು ಎಲ್ಲವನ್ನೂ ವಾಟಿ, ಚಮಚದ ಲೆಕ್ಕದಲ್ಲಿ ಹೇಳಿದರು. ವಾಟಿ ಎಂದರೆ ನಮ್ಮ ಬಟ್ಟಲು. ಇದು ಎಷ್ಟು ದೊಡ್ಡ ಉಪಕಾರ ಎಂದು ತಿಳಿಯಲು ಆ ಕಾಲವನ್ನು ನೆನೆಯಬೇಕು. 1956ರ ಕಾಯಿದೆಯಂತೆ 1958ರಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಜಾರಿಗೆ ಬಂದಿತ್ತು. ಅಂಗಡಿಯವನು ಕಿಲೋ, ಗ್ರಾಂ ಎನ್ನುತ್ತಿದ್ದ. ಅಮ್ಮನ ಬಾಯಲ್ಲಿ ಇನ್ನೂ ಪಾವು, ಚಟಾಕು. ಹೊಸದಾಗಿ ಒಲೆ ಹೂಡಿದವರಿಗೆ ಎರಡೂ ಗೊಂದಲವೇ. ಬಟ್ಟಲು ಮಾತ್ರ ಪ್ರತಿ ಮನೆಯಲ್ಲೂ ಇತ್ತು.

ನಮ್ಮೂರು, ನಮ್ಮ ಕಲಿಕೆ

ಇದೇ ಹೊತ್ತಿಗೆ ಪಿಂಪ್ರಿ-ಚಿಂಚವಾಡ ಬೆಳೆಯುತ್ತಿತ್ತು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. 1962ರಲ್ಲಿ ಎಂಐಡಿಸಿ ಹುಟ್ಟಿತು. ಅದೇ ದಶಕದಲ್ಲಿ ಟೆಲ್ಕೊ, ಬಜಾಜ್‌ನಂಥ ಕಾರ್ಖಾನೆಗಳು ಈ ಸೀಮೆಯಲ್ಲಿ ತಲೆಯೆತ್ತಿದವು. 1970ರಲ್ಲಿ ನಗರಪಾಲಿಕೆ, 1982ರಲ್ಲಿ ಮಹಾನಗರಪಾಲಿಕೆ ಆಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ, ಸೊಲ್ಲಾಪುರ, ಅಕ್ಕಲಕೋಟೆಗಳಿಂದ, ಕರಾವಳಿಯಿಂದ ನಮ್ಮವರು ಕೆಲಸ ಹುಡುಕಿ ಬಂದರು. ಬಂದವರಲ್ಲಿ ಅನೇಕರು ಒಂಟಿ ಗಂಡಸರು, ಇಲ್ಲವೇ ಹೊಸದಾಗಿ ಮದುವೆಯಾದ ಜೋಡಿಗಳು. ಒಲೆಯ ಮುಂದೆ ಕೂತು ಹೇಳಿಕೊಡುವ ಅವ್ವ ಊರಿನಲ್ಲೇ ಉಳಿದಿದ್ದಳು.

ಕೆಲವರು ಖಾನಾವಳಿ ಹಿಡಿದರು. ಕಾಟ್ ಬೇಸಿಸ್ ಮೇಲೆ ಕೋಣೆ ಹಂಚಿಕೊಂಡವರು ಸೀಮೆಎಣ್ಣೆ ಸ್ಟವ್ ಮೇಲೆ ಅನ್ನ ಬೇಯಿಸಲು ಕಲಿತರು. ಶಿಫ್ಟ್ ಮುಗಿಸಿ ಬಂದವನೇ ಅಕ್ಕಿ ತೊಳೆಯಬೇಕು. ಹೆಣ್ಣಿನ ವಿದ್ಯೆ ಎಂಬ ಗೆರೆ ಅಲ್ಲಿ ಹಸಿವಿನ ಮುಂದೆ ತಾನಾಗಿ ಅಳಿಸಿಹೋಯಿತು. ಹೊಸ ಸೊಸೆಯಂದಿರಿಗೆ ಗುರುವಾದವರು ಪಕ್ಕದ ಮನೆಯ ಮರಾಠಿ ಕಾಕುಗಳು. ನಮ್ಮ ತೊವ್ವೆಯ ಪಕ್ಕದಲ್ಲಿ ವರಣ ಬಂತು, ಸಾರಿನ ಪಕ್ಕದಲ್ಲಿ ಆಮಟಿ ಬಂತು. ರೊಟ್ಟಿಯೂ ಭಾಕರಿಯೂ ಅಕ್ಕತಂಗಿಯರೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಉಳಿದ ಸಂಶಯಗಳಿಗೆ ಇನ್‌ಲ್ಯಾಂಡ್ ಪತ್ರ, ಮುಂದೆ ಎಸ್‌ಟಿಡಿ ಬೂತ್. ರಾತ್ರಿ 11ರ ನಂತರ ದರ ಇಳಿಯುವುದನ್ನು ಕಾದು, ಸಾರಿನ ಪುಡಿಗೆ ಎಷ್ಟು ಮೆಂತ್ಯ ಎಂದು ಕೇಳಿದವರು ನಮ್ಮ ನಡುವೆಯೇ ಇದ್ದಾರೆ.

ಪ್ರೆಶರ್ ಕುಕ್ಕರ್ ಈ ಕಲಿಕೆಯನ್ನು ಇನ್ನಷ್ಟು ಸುಲಭ ಮಾಡಿತು. ಹಾಕಿನ್ಸ್, ಪ್ರೆಸ್ಟೀಜ್ ಎರಡೂ ನಮ್ಮ ದೇಶದಲ್ಲಿ ಕುಕ್ಕರ್ ತಯಾರಿಕೆಗೆ ಇಳಿದದ್ದು 1959ರಲ್ಲಿ. ಅಗುಳು ಹಿಚುಕಿ ಹದ ನೋಡುವ ಕೆಲಸ ಹೋಯಿತು. "ಮೂರು ಸಲ ಕೂಗಿದ ಮೇಲೆ ಆರಿಸು" ಎಂದರೆ ಯಾರಿಗೂ ಅರ್ಥವಾಗುತ್ತದೆ. ಬಾಯಿಮಾತಿನಲ್ಲಿ ದೂರಕ್ಕೆ ದಾಟಿಸಬಹುದಾದ ಹೊಸ ಅಳತೆ ಅದು.

ಮೊದಲ ಊಟ

ಇಷ್ಟು ಚರಿತ್ರೆ ಓದಿದ ಮೇಲೆ ಒಂದು ಪಾಠವೂ ಇರಲಿ. ಮಗನೋ ಮಗಳೋ ಹಿಂಜವಡಿಯಲ್ಲೋ ಹೊರದೇಶದಲ್ಲೋ ಮೊದಲ ಸಲ ಒಲೆ ಹಚ್ಚುತ್ತಿದ್ದರೆ ಇದನ್ನು ಕಳಿಸಿ. ಇಬ್ಬರ ಊಟಕ್ಕೆ ಒಂದು ಬಟ್ಟಲು ಅಕ್ಕಿ, ಅದೇ ಬಟ್ಟಲಿನಲ್ಲಿ ಎರಡು ಬಟ್ಟಲು ನೀರು. ಮೆತ್ತಗೆ ಬೇಕಾದರೆ ಇನ್ನರ್ಧ. ಬೇರೆ ಪಾತ್ರೆಯಲ್ಲಿ ಅರ್ಧ ಬಟ್ಟಲು ತೊಗರಿಬೇಳೆ, ಒಂದೂವರೆ ಬಟ್ಟಲು ನೀರು, ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ. ಬೇಳೆ ಅರ್ಧ ಗಂಟೆ ನೆನೆದಿದ್ದರೆ ಎರಡನ್ನೂ ಒಂದೇ ಕುಕ್ಕರಿನಲ್ಲಿಟ್ಟು ನಾಲ್ಕು ಕೂಗು ಕೂಗಿಸಬಹುದು. ಒತ್ತಡ ತಾನಾಗಿ ಇಳಿಯುವ ತನಕ ಮುಚ್ಚಳ ತೆಗೆಯಕೂಡದು. ಬೆಂದ ಬೇಳೆಗೆ ಒಂದು ಚಿಕ್ಕ ಚಮಚ ಉಪ್ಪು, ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆ. ಅದೇ ತೊವ್ವೆ. ರೊಟ್ಟಿಯ ಪಾಠ ಎರಡನೇ ವಾರಕ್ಕಿರಲಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದುವುದು. ಕಾರಣ ಹೇಳಿಕೊಟ್ಟರೆ ಕೈ ಬೇಗ ಕಲಿಯುತ್ತದೆ.

ಹಬ್ಬದ ಹೋಳಿಗೆಯ ವಿಧಾನ ಈಗ ಮೊಬೈಲಿನಲ್ಲಿ ನೂರು ಸಿಗುತ್ತವೆ. ನಿಮ್ಮ ಮನೆಯ ದಿನದ ಸಾರು ಅಲ್ಲಿ ಸಿಗುವುದಿಲ್ಲ. ಅದು ಮನೆಯ ಹಿರಿಯರ ಕೈಯಳತೆಯಲ್ಲಿದೆ, ಅವರ ಜೊತೆಗೇ ಹೊರಟುಹೋಗುತ್ತದೆ. ಅವ್ವನೋ ಅತ್ತೆಯೋ ಮುಂದಿನ ಸಲ ಸಾರು ಮಾಡುವಾಗ ಬಟ್ಟಲು, ಚಮಚ ಹಿಡಿದು ಪಕ್ಕದಲ್ಲಿ ನಿಲ್ಲಿ. ಅವರು ಹಿಡಿಯಲ್ಲಿ ತೆಗೆದುಕೊಂಡದ್ದನ್ನು ಮೊದಲು ಬಟ್ಟಲಿಗೆ ಸುರಿಸಿ, ಅಳೆದು, ಬರೆದಿಡಿ. ಅವರು ನಗುತ್ತಾರೆ, ನಗಲಿ. ಬರೆದದ್ದನ್ನು ಮಗಳಿಗೆ ಕೊಡುವಾಗ ಮಗನಿಗೂ ಒಂದು ಪ್ರತಿ ಕೊಡಿ.