ಅಜ್ಜನ ಚಾಕುವಿನ ಹಿಡಿ ಯಾವ ಪ್ರಾಣಿಯದು?

ಕಳೆದ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರಕ್ಕೆ ಹಾರಿಸಿಬಿಟ್ಟಿದ್ದ ಒಂದೆರಡು ಸಂಗತಿಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಮೊದಲು ನಮ್ಮನೆ ಕಥೆ. ದಸರೆಗೆ ಪುಣೆಯಿಂದ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ಮಡಚುವ ಚಾಕು ಸಿಕ್ತು. ಅಲಗು ಮಸೆದು ಮಸೆದು ಅರ್ಧ ಆಗಿದೆ, ಬುಡದಲ್ಲಿ ಅಳಿಸಿದ ಅಕ್ಷರದಲ್ಲಿ ಶೆಫೀಲ್ಡ್ ಅಂತ ಓದಬಹುದು. ಹಿಡಿ ಕಂದು ಬಣ್ಣದ್ದು, ಮರದ ತೊಗಟೆ ಥರ ಒರಟು, ಒಂದು ಬದಿ ಸೀಳಿದೆ. "ಕಡವೆ ಕೊಂಬಿನ ಹಿಡಿ ಕಣೋ ಇದು" ಅಂತ ಅಜ್ಜ ಬಂದವರಿಗೆಲ್ಲ ತೋರಿಸೋರು. ಅಪ್ಪ ಹೇಳಿದ್ರು, "ಪುಣೆಗೆ ತಗೊಂಡು ಹೋಗೋ, ಹಿಡಿ ರಿಪೇರಿ ಮಾಡಿಸು."

ನನಗೆ ಎರಡು ಭಯ. ಒಂದು ವಿಮಾನ ನಿಲ್ದಾಣದ್ದು, ಅದು ನಿಮಗೂ ಗೊತ್ತು. ಕೈಚೀಲದಲ್ಲಿ ಮರೆತು ಇಟ್ಟ ಚಾಕು ಅವರ ಡಬ್ಬಕ್ಕೆ ಬಿದ್ರೆ ಮುಗೀತು. ಅದಕ್ಕೆ ಚೆಕ್-ಇನ್ ಲಗೇಜ್ ಇದೆ. ಇನ್ನೊಂದು ಭಯ ದೊಡ್ಡದು. 2023ರ ಅಕ್ಟೋಬರ್‌ನ ಹುಲಿ ಉಗುರಿನ ಗಲಾಟೆ ನೆನಪಿದೆಯಲ್ಲ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ "ಅಜ್ಜ ಕೊಟ್ಟಿದ್ದು" ಅನ್ನೋ ಉತ್ತರ ಸಾಕಾಗಲ್ಲ. ಕಡವೆ ಕೊಂಬಿನ ವಸ್ತುವಿಗೂ ಅದೇ ಪ್ರಶ್ನೆ ಬರುತ್ತೆ. ಹಾಗಾಗಿ ರಿಪೇರಿಗೆ ಮೊದಲು ಇದು ನಿಜವಾಗಿ ಏನು ಅಂತ ತಿಳಿಯಬೇಕಿತ್ತು. ಅದನ್ನ ಹುಡುಕ್ತಾ ಹೋದವನಿಗೆ ಚಾಕುವಿನ ಹಿಡಿಯ ಚರಿತ್ರೆಯೇ ಸಿಕ್ತು.

ಮಡಚುವ ಚಾಕು ಹೊಸದೇನಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸುಮಾರು 2,500 ವರ್ಷ ಹಳೆಯದೊಂದು ಸಿಕ್ಕಿದೆ, ಅದರ ಹಿಡಿ ಮೂಳೆಯದು. ರೋಮನ್ನರಲ್ಲಿ ಮೂಳೆ, ದಂತ, ಕಂಚು ಎಲ್ಲ ಇತ್ತು. ಹಿಡಿಯ ಎರಡೂ ಬದಿಗೆ ಕೂರಿಸೋ ಪಟ್ಟಿಗೆ ಇಂಗ್ಲಿಷಿನವರು ಸ್ಕೇಲ್ ಅಂತಾರೆ. ಸ್ಕೇಲ್ ಅಂದ್ರೆ ನಮಗೆ ಅಡಿಪಟ್ಟಿ ನೆನಪಾಗುತ್ತೆ, ಇದು ಅದಲ್ಲ, ಮೀನಿನ ಹುರುಪೆಗೆ ಹೇಳ್ತಾರಲ್ಲ, ಆ ಸ್ಕೇಲ್.

ಇಂಗ್ಲೆಂಡಿನ ಶೆಫೀಲ್ಡ್ ಈ ಕಸುಬಿನ ಊರು. 14ನೇ ಶತಮಾನದಲ್ಲೇ ಚಾಸರ್ ಕವಿ ತನ್ನ ಕಥೆಯಲ್ಲಿ ಒಬ್ಬ ಗಿರಣಿಯವನ ಕೈಗೆ ಶೆಫೀಲ್ಡ್ ಚಾಕು ಕೊಟ್ಟಿದ್ದಾನೆ. 1624ರಲ್ಲಿ ಅಲ್ಲಿ ಚಾಕು ಕಸುಬಿನವರ ಕಂಪನಿ ಕಾನೂನುಬದ್ಧವಾಗಿ ಶುರುವಾಯ್ತು. ಆದರೆ ಊರು ನಿಂತಿದ್ದು ದೊಡ್ಡ ಕಾರ್ಖಾನೆಗಳ ಮೇಲೆ ಮಾತ್ರ ಅಲ್ಲ. 'ಲಿಟ್ಲ್ ಮೆಸ್ಟರ್' ಅಂತ ಕರೀತಿದ್ದ ಸಣ್ಣ ಕುಶಲಕರ್ಮಿಗಳು ಒಂದೊಂದು ಕೋಣೆ ಬಾಡಿಗೆಗೆ ಹಿಡಿದು ದುಡೀತಿದ್ರು. ಒಬ್ಬ ಅಲಗು ಬಡಿಯೋನು, ಒಬ್ಬ ಸಾಣೆ ಹಿಡಿಯೋನು, ಒಬ್ಬ ಹಿಡಿ ಜೋಡಿಸೋನು. ಇವತ್ತಿನ ಭಾಷೆಯಲ್ಲಿ ಎಲ್ಲರೂ ಫ್ರೀಲಾನ್ಸರ್‌ಗಳು, ಆದ್ರೆ ಕಲ್ಲಿನ ಧೂಳು ಕುಡಿದು ಬೇಗ ಸಾಯೋ ಫ್ರೀಲಾನ್ಸರ್‌ಗಳು. ಸಾಣೆ ಹಿಡಿಯೋರ ಶ್ವಾಸಕೋಶದ ಕಾಯಿಲೆಗೆ ಆ ಊರಲ್ಲಿ ಬೇರೆ ಹೆಸರೇ ಇತ್ತು.

ಹಿಡಿಗೆ ಬೇಕಾದ ಸಾಮಾನು ಇಡೀ ಸಾಮ್ರಾಜ್ಯದಿಂದ ಬರ್ತಿತ್ತು. ಆನೆದಂತ, ಮುತ್ತಿನ ಚಿಪ್ಪು, ಆಮೆ ಚಿಪ್ಪು, ಎಮ್ಮೆ ಕೊಂಬು, ಕರಿಮರ, ನಮ್ಮ ಬೀಟೆ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಜೋಸೆಫ್ ರಾಜರ್ಸ್ ಕಂಪನಿ ಮಾಡಿದ ನಾರ್ಫೋಕ್ ಚಾಕುವಿಗೆ 75 ಅಲಗು ಮತ್ತು ಸಲಕರಣೆ, ಹಿಡಿ ಪೂರ್ತಿ ಕೆತ್ತಿದ ಮುತ್ತಿನ ಚಿಪ್ಪು. ಅದನ್ನ ಯಾರೂ ಜೇಬಲ್ಲಿ ಇಟ್ಕೊಳ್ಳಕ್ಕಾಗಲ್ಲ ಬಿಡಿ, ಬರೀ ಕೈಚಳಕ ತೋರಿಸಕ್ಕೆ ಮಾಡಿದ್ದು.

ಇವುಗಳ ಮಧ್ಯೆ ಬಂದಿದ್ದು ಭಾರತದ ಕಡವೆ ಕೊಂಬು. ಇಲ್ಲೊಂದು ವ್ಯತ್ಯಾಸ ಗಮನಿಸಿ. ಹಸು, ಎಮ್ಮೆಗಳ ಕೊಂಬು ಉಗುರಿನ ಜಾತಿಯದು, ಒಳಗೆ ಟೊಳ್ಳು, ಕಾಯಿಸಿದರೆ ಮೆತ್ತಗಾಗುತ್ತೆ, ಅಚ್ಚಿಗೆ ಒತ್ತಬಹುದು. ಕಡವೆಯದು ಹಾಗಲ್ಲ, ಅದು ಮೂಳೆಯೇ. ಗಂಡು ಕಡವೆಗೆ ಹುಟ್ಟುತ್ತೆ, ಉದುರುತ್ತೆ, ಮತ್ತೆ ಹುಟ್ಟುತ್ತೆ. ಯುರೋಪಿನ ಜಿಂಕೆಗಳ ಕೊಂಬಿನ ಒಳಭಾಗ ಸ್ಪಂಜಿನ ಹಾಗೆ, ಕಡವೆಯದು ಹೆಚ್ಚು ಗಟ್ಟಿ. ತೆಳುವಾಗಿ ಸೀಳಿ ಚಾಕುವಿಗೆ ಕೂರಿಸಿದ್ರೂ ಪುಡಿಯಾಗಲ್ಲ. ಹಾಗಾಗಿ ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಆಮೇಲೆ ಅಮೆರಿಕ, ಎಲ್ಲರಿಗೂ ಅದೇ ಬೇಕು. ಕಾಡಲ್ಲಿ ಉದುರಿದ್ದನ್ನ ಆರಿಸಿ ತಂದಿದ್ದು ಅಂತ ಲೆಕ್ಕ. ಆದ್ರೆ ಉದುರಿದ ಕೊಂಬು ಯಾವುದು, ಕೊಂದು ಕಿತ್ತ ಕೊಂಬು ಯಾವುದು ಅಂತ ಗೋಣಿಚೀಲದಲ್ಲಿ ತುಂಬಿ ಬಂದ ಮೇಲೆ ಯಾರು ನೋಡ್ತಾರೆ? 1990ರ ದಶಕದ ಕೊನೆಗೆ ಭಾರತ ಸರ್ಕಾರ ರಫ್ತನ್ನೇ ನಿಲ್ಲಿಸ್ತು. ಕಾಡಂಚಿನಲ್ಲಿ ಕೊಂಬು ಆರಿಸಿ ನಾಲ್ಕು ಕಾಸು ನೋಡ್ತಿದ್ದವರ ಹೊಟ್ಟೆಗೂ ಅದು ಏಟೇ. ಆದರೂ ನಿಷೇಧ ಸರಿ ಅಂತಲೇ ನನ್ನ ಅನಿಸಿಕೆ. 2008ರಿಂದ ಕಡವೆ ಅಪಾಯದ ಅಂಚಿನ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಅಸಲಿ ದುಬಾರಿಯಾದ ಕಡೆ ನಕಲು ಹುಟ್ಟಲೇಬೇಕಲ್ಲ. ಈ ನಕಲು ನಿಷೇಧಕ್ಕಿಂತ ಬಹಳ ಹಳೆಯದು. ದನದ ಕಾಲಿನ ಮೂಳೆಯನ್ನ ಪಟ್ಟಿಯಾಗಿ ಕತ್ತರಿಸಿ, ಯಂತ್ರದಲ್ಲಿ ಕಚ್ಚು ಕಚ್ಚಾಗಿ ಕೆತ್ತಿ, ಕೊಂಬಿನ ತೊಗಟೆಯ ಹಾಗೆ ಮಾಡ್ತಿದ್ರು. ಅದಕ್ಕೆ ಜಿಗ್ಡ್ ಬೋನ್ ಅಂತ ಹೆಸರು. ಆಮೇಲೆ ಬಣ್ಣ. ಊರಲ್ಲಿ ಬಾವಿಗೆ ಹಾಕ್ತಿದ್ದ ನೇರಳೆ ಪುಡಿ ನೆನಪಿದೆಯಾ, ಪೊಟ್ಯಾಸಿಯಂ ಪರ್ಮಾಂಗನೇಟ್? ಅದು ಕೈಗೆ ತಾಗಿದ್ರೆ ಬೆರಳು ಕಂದಾಗಿ ವಾರ ಪೂರ್ತಿ ಹೋಗ್ತಿರ್ಲಿಲ್ಲ. ಮೂಳೆಗೆ ಕೊಂಬಿನ ಕಂದು ಬರಿಸೋಕೆ ಬಳಸಿದ ಬಣ್ಣಗಳಲ್ಲಿ ಅದೂ ಒಂದು. ಅಮೆರಿಕದ ಕಂಪನಿಗಳು ಮೂಳೆಗೆ ಹಸಿರು, ಕೆಂಪು, ಜೇನಿನ ಬಣ್ಣ ಎಲ್ಲ ಹಾಕಿದ್ವು. ಅಲ್ಲಿನ ಕೇಸ್ ಕಂಪನಿ ಬಳಸೋದು ಬ್ರೆಜಿಲ್‌ನ ಜೀಬು ದನಗಳ ಮೂಳೆ. ಆ ಜೀಬು ತಳಿಗಳ ಮೂಲ ಭಾರತ, ಅಲ್ಲಿನ ಪ್ರಸಿದ್ಧ ನೆಲೋರೆ ದನ ಆಂಧ್ರದ ಓಂಗೋಲ್ ತಳಿಯ ವಂಶ. ಹೈದರಾಬಾದಿನಲ್ಲಿರೋರು ಇದನ್ನ ಪಕ್ಕದ ಸೀಟಿನವರಿಗೆ ಹೇಳಬಹುದು.

ಇನ್ನೊಂದು ನಕಲು ಸೆಲ್ಯುಲಾಯ್ಡ್. 1870ರ ಸುಮಾರಿಗೆ ಜಾನ್ ವೆಸ್ಲಿ ಹಯಾಟ್ ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಏನಾದ್ರೂ ಬೇಕು ಅಂತ ಹೊರಟು ಮಾಡಿದ್ದು. ಚಾಕುವಿನ ಹಿಡಿಗೆ ಎಷ್ಟು ಚಂದದ ಬಣ್ಣ ಬಂತು ಅಂತೀರಿ! ಆದ್ರೆ ದಶಕಗಳಾದ ಮೇಲೆ ಅದು ಕೊಳೆಯೋಕೆ ಶುರುವಾದ್ರೆ ಬಿಡೋ ಆವಿ ಪಕ್ಕದ ಅಲಗನ್ನ ತುಕ್ಕು ಹಿಡಿಸುತ್ತೆ. ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟಿದ್ದೇ ಹಾಳಾಗಿರುತ್ತೆ, ಬಳಸಿದ್ದು ಉಳಿದಿರುತ್ತೆ.

1856ರಲ್ಲಿ 18ರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿ ಮಾಡಕ್ಕೆ ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಅಲ್ಲಿಂದ ಕೃತಕ ಬಣ್ಣಗಳ ಕಾಲ. ರೇಷ್ಮೆ, ಉಣ್ಣೆಗೆ ಹಿಡಿಯೋ ಆಸಿಡ್ ಡೈ ಅನ್ನೋ ಗುಂಪು ಮೂಳೆಗೂ ಹಿಡಿಯುತ್ತೆ, ಯಾಕಂದ್ರೆ ಮೂಳೆಯಲ್ಲೂ ಪ್ರೋಟೀನು ಇದೆ. 1935ರಲ್ಲಿ ಡುಪಾಂಟ್ ಕಂಪನಿಯ ಕೆರೋದರ್ಸ್ ಮಾಡಿದ ನೈಲಾನಿನಲ್ಲೂ ಪ್ರೋಟೀನಿನಂಥದ್ದೇ ಕೊಂಡಿ. ಹಾಗಾಗಿ ನೈಲಾನ್ ಹಿಡಿಯ ಚಾಕು ಇಟ್ಟುಕೊಂಡಿರೋ ಇವತ್ತಿನ ಹವ್ಯಾಸಿಗಳು ಹಿಡಿ ಬಿಚ್ಚಿ, ಬಿಸಿನೀರಿಗೆ ಬಣ್ಣ ಮತ್ತು ಸ್ವಲ್ಪ ವಿನೆಗರ್ ಹಾಕಿ, ಕುದಿಯೋದಕ್ಕೆ ಸ್ವಲ್ಪ ಮುಂಚಿನ ಬಿಸಿಯಲ್ಲಿ ಮುಳುಗಿಸ್ತಾರೆ. ಮೈಸೂರು ಸಿಲ್ಕಿಗೂ ಇದಕ್ಕೂ ರಸಾಯನಶಾಸ್ತ್ರ ಹೆಚ್ಚು ಕಮ್ಮಿ ಒಂದೇ. ತಿಳಿ ಬಣ್ಣದ ಹಿಡಿಯನ್ನ ಗಾಢ ಮಾಡಬಹುದು, ಕಪ್ಪನ್ನ ತಿಳಿ ಮಾಡಕ್ಕಾಗಲ್ಲ. ಸಾರು ಮಾಡೋ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ, ಬಣ್ಣಕ್ಕಿಂತ ಮೊದಲು ಮನೆಯವರು ಕುದೀತಾರೆ.

ಕೈಯಾರೆ ಸ್ಕೇಲ್ ಮಾಡೋರು ಈಗ ಹೆಚ್ಚಾಗಿ ಬಳಸೋದು ಮೈಕಾರ್ಟಾ ಅಥವಾ ಜಿ-10. ಮೈಕಾರ್ಟಾ ಅಂದ್ರೆ ಬಟ್ಟೆ ಅಥವಾ ಕಾಗದದ ಪದರಗಳಿಗೆ ರಾಳ ಕುಡಿಸಿ ಒತ್ತಿದ್ದು, ಸುಮಾರು 1910ರ ಹೊತ್ತಿನ ವೆಸ್ಟಿಂಗ್‌ಹೌಸ್ ಕಂಪನಿಯ ವಿದ್ಯುತ್ ನಿರೋಧಕ. ಜಿ-10 ಗಾಜಿನ ನಾರು ಮತ್ತು ಎಪಾಕ್ಸಿ. ನಿಮ್ಮ ಲ್ಯಾಪ್‌ಟಾಪ್ ಒಳಗಿನ ಹಸಿರು ಬೋರ್ಡ್ ಇದೆಯಲ್ಲ, ಎಫ್‌ಆರ್-4, ಅದು ಇದರದೇ ಬೆಂಕಿ ತಡೆಯೋ ತಮ್ಮ. ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಗಾಜು. ಶೆಫೀಲ್ಡಿನವರ ಕಥೆ ಮೇಲೆ ಹೇಳಿದ್ನಲ್ಲ.

ಆ ಹಳೆಯ ಪರಂಪರೆಯಲ್ಲಿ ಕೊನೆಯವರೆಗೆ ಉಳಿದವರಲ್ಲಿ ಸ್ಟಾನ್ ಶಾ ಒಬ್ಬರು. 1926ರಲ್ಲಿ ಹುಟ್ಟಿ, 14ನೇ ವಯಸ್ಸಿಗೆ ಶೆಫೀಲ್ಡಿನ ಇಬರ್ಸನ್ ಕಂಪನಿಗೆ ಸೇರಿ, ಜೀವನಪೂರ್ತಿ ಕೈಯಲ್ಲೇ ಮಡಚುವ ಚಾಕು ಮಾಡಿದರು. ಅಲಗು, ಸ್ಪ್ರಿಂಗು, ಹಿಡಿ ಎಲ್ಲ ಒಬ್ಬರೇ. 2021ರಲ್ಲಿ ತೀರಿಕೊಂಡರು.

ಈಗ ಅಜ್ಜನ ಚಾಕು. ಪುಣೆಯಲ್ಲಿ ಒಂದು ಭಾನುವಾರ ಬಾಲ್ಕನಿ ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಕೂತೆ. ಕೊಂಬಾಗಿದ್ರೆ ತೊಗಟೆಯ ಗೀರುಗಳು ಒಂದರ ಹಾಗೆ ಒಂದು ಇರಬಾರದು. ಇಲ್ಲಿ ಒಂದೇ ಥರದ ಕಚ್ಚು, ಸಾಲಾಗಿ. ನಯವಾದ ಅಂಚಿನಲ್ಲಿ ಸೂಜಿ ಮೊನೆಯಂಥ ಕಪ್ಪು ಚುಕ್ಕೆ, ಸಣ್ಣ ಗೆರೆ. ಅವು ಮೂಳೆಯಲ್ಲಿ ರಕ್ತನಾಳ ಓಡಾಡಿದ ದಾರಿಗಳು. ಕೊನೆಗೆ ಸೀಳಿದ ಜಾಗ ನೋಡಿದೆ. ಹೊರಗೆ ಕಂದು, ಒಂದು ಕೂದಲೆಳೆಯಷ್ಟು ಒಳಗೆ ಹೋದರೆ ಅಪ್ಪಟ ಬಿಳಿ, ಸ್ಪಂಜು ಎಲ್ಲೂ ಇಲ್ಲ. ದನದ ಮೂಳೆ, ಬಣ್ಣ ಹಾಕಿದ್ದು.

ಭಯ ಹೋಯ್ತು, ಆದ್ರೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮಜ್ಜ ಮಡಿ ಬಟ್ಟೆ ಉಟ್ಟು ಪೂಜೆ ಮುಗಿಸಿ ಬಂದು ಇದೇ ಚಾಕುವಿನಲ್ಲಿ ಬಾಳೆ ಎಲೆ ಕೊಯ್ಯೋರು. ಅಪ್ಪನಿಗೆ ಫೋನ್ ಮಾಡಿ ಕಡವೆ ಅಲ್ಲ, ಮೂಳೆ ಅಂದೆ. ಯಾವುದರದ್ದು ಅಂತ ಕೇಳಿದ್ರು. ಹೇಳಿದೆ. ಆ ಕಡೆ ಒಂದು ಕ್ಷಣ ಮೌನ, ಆಮೇಲೆ, "ಅಜ್ಜಿಗೆ ಹೇಳಕ್ಕೆ ಹೋಗಬೇಡ ಮಾರಾಯ. ಸೀಳಿಗೆ ಒಂದಿಷ್ಟು ಅಂಟು ಹಾಕಿ ತಗೊಂಡು ಬಾ."

ಎಪಾಕ್ಸಿ ಹಾಕಿ ಎರಡು ದಿನ ಬಟ್ಟೆ ಕ್ಲಿಪ್ಪಿನಲ್ಲಿ ಒತ್ತಿಟ್ಟಿದ್ದೀನಿ. ಸೀಳಿದ ಗೆರೆ ಬೆಳ್ಳಗೆ ಕಾಣ್ತಿದೆ, ಅದಕ್ಕೆ ಆ ನೇರಳೆ ಪುಡಿ ತರಬೇಕು.