ಇ-ಮೇಲ್ ಗೂಢಲಿಪೀಕರಣ

ಇ-ಮೇಲ್ ಗೂಢಲಿಪೀಕರಣ ಎಂದರೆ ಕಳುಹಿಸುವವರು ಮತ್ತು ಪಡೆಯುವವರ ಹೊರತು ಬೇರಾರಿಗೂ ಓದಲಾಗದಂತೆ ಇ-ಮೇಲ್‌ನ ಒಕ್ಕಣೆಯನ್ನೂ ಅದರ ಲಗತ್ತುಗಳನ್ನೂ ಗಣಿತೀಯ ವಿಧಾನದಿಂದ ರೂಪಾಂತರಿಸುವ ಕ್ರಮ. ಮನೆಯ ಗಣಕಯಂತ್ರದಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಕೆಯಾಗುವ ಮಾನಕಗಳು ಎರಡು: ಓಪನ್‌ಪಿಜಿಪಿ ಮತ್ತು ಎಸ್/ಮೈಮ್. ಈ ಲೇಖನವು ಮುಖ್ಯವಾಗಿ ಓಪನ್‌ಪಿಜಿಪಿಯ ಸ್ಥಾಪನೆ, ಅದರಲ್ಲಿ ತಲೆದೋರುವ ತೊಂದರೆಗಳು ಹಾಗೂ ಅವುಗಳ ಪರಿಹಾರವನ್ನು ಕುರಿತದ್ದು.

ಅಗತ್ಯ

ಇಂದು ಬಹುತೇಕ ಇ-ಮೇಲ್‌ಗಳು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗುವಾಗ ಟಿಎಲ್‌ಎಸ್ ಎಂಬ ರಕ್ಷಣೆಯನ್ನು ಪಡೆದಿರುತ್ತವೆ. ಆದರೆ ಇದು ಟಪ್ಪಾಲಿನ ಚೀಲಕ್ಕೆ ಅರಗಿನ ಮುದ್ರೆ ಹಾಕಿ, ಒಳಗೆ ಪೋಸ್ಟ್ ಕಾರ್ಡುಗಳನ್ನು ತುಂಬಿದಂತೆ. ದಾರಿಯಲ್ಲಿ ಚೀಲವನ್ನು ಯಾರೂ ಬಿಚ್ಚಲಾರರು. ಚೀಲ ತೆರೆಯುವ ಪ್ರತಿ ಅಂಚೆ ಕಚೇರಿಯಲ್ಲಿ ಕಾರ್ಡನ್ನು ಓದಬಹುದು. ಅಂತೆಯೇ ಸೇವೆ ನೀಡುವ ಸಂಸ್ಥೆಯ ಸರ್ವರ್‌ನಲ್ಲಿ ಪತ್ರವು ಓದಲು ಬರುವ ಸ್ಥಿತಿಯಲ್ಲೇ ಇರುತ್ತದೆ, ಖಾತೆಯ ಗುಪ್ತಪದ ಕದ್ದವರಿಗೂ ಅದು ತೆರೆದ ಪುಸ್ತಕವಾಗುತ್ತದೆ. ಓಪನ್‌ಪಿಜಿಪಿಯಲ್ಲಿ ಲಕೋಟೆ ಅಂಟಿಸುವುದು ಬರೆದವರ ಮನೆಯಲ್ಲಿ, ಒಡೆಯುವುದು ಪಡೆದವರ ಮನೆಯಲ್ಲಿ.

ಮೂಡಿಗೆರೆ ತಾಲ್ಲೂಕಿನ ಬಾಳೂರು ಹಾಗೂ ಕಳಸದ ಕಡೆಯ ಕಾಫಿ ಪ್ರದೇಶದಲ್ಲಿ ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿರುವ ಕುಟುಂಬಗಳು ಅನೇಕ. ಪಹಣಿ, ವಿಭಾಗ ಪತ್ರ, ಉಯಿಲಿನ ಕರಡು, ಆಧಾರ್ ನಕಲು, ಬ್ಯಾಂಕ್ ವಿವರ, ವೈದ್ಯಕೀಯ ವರದಿ ಇವೆಲ್ಲ ಲಗತ್ತುಗಳಾಗಿ ಓಡಾಡುವುದು ಇಂತಹ ಮನೆಗಳಲ್ಲಿ ಸಾಮಾನ್ಯ. ಒಮ್ಮೆ ಕಳುಹಿಸಿದ ಲಗತ್ತು ಎರಡೂ ಕಡೆಯ ಅಂಚೆಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಎಂಬುದನ್ನು ಮರೆಯಲಾಗದು. ಹಬ್ಬದ ಶುಭಾಶಯಕ್ಕೆ ಗೂಢಲಿಪಿ ಬೇಕಿಲ್ಲ. ಆಸ್ತಿಯ ಕಾಗದಕ್ಕೆ ಬೇಕು.

ಇತಿಹಾಸ

ಒಂದೇ ಕೀಲಿಯಿಂದ ಮುಚ್ಚಿ ತೆರೆಯುವ ಹಳೆಯ ವಿಧಾನದಲ್ಲಿ ಆ ಕೀಲಿಯನ್ನು ದೂರದವರಿಗೆ ಗುಟ್ಟಾಗಿ ತಲುಪಿಸುವುದೇ ಸಮಸ್ಯೆಯಾಗಿತ್ತು. ಇದಕ್ಕೆ ಪರಿಹಾರವಾದ ಸಾರ್ವಜನಿಕ ಕೀಲಿಯ ಕಲ್ಪನೆಯನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಅವರು ಆರ್‌ಎಸ್‌ಎ ವಿಧಾನವನ್ನು ರೂಪಿಸಿದರು. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಪಿಜಿಪಿ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿ ಇದನ್ನು ಜನಸಾಮಾನ್ಯರ ಕೈಗಿತ್ತರು. ಅಂದಿನ ಅಮೆರಿಕದ ಕಾನೂನು ಪ್ರಬಲ ಗೂಢಲಿಪಿಯನ್ನು ಯುದ್ಧಸಾಮಗ್ರಿಯ ಸಾಲಿನಲ್ಲಿ ಇರಿಸಿದ್ದರಿಂದ ಅವರ ಮೇಲೆ ರಫ್ತು ನಿಯಮ ಉಲ್ಲಂಘನೆಯ ತನಿಖೆ ನಡೆಯಿತು. 1996ರ ಜನವರಿಯಲ್ಲಿ ಮೊಕದ್ದಮೆ ಹೂಡದೆಯೇ ಅದನ್ನು ಕೈಬಿಡಲಾಯಿತು. ಈ ನಡುವೆ 1995ರಲ್ಲಿ ಪಿಜಿಪಿಯ ಮೂಲಸಂಕೇತವನ್ನೆಲ್ಲ ಎಂಐಟಿ ಪ್ರೆಸ್ ಪುಸ್ತಕರೂಪದಲ್ಲಿ ಅಚ್ಚು ಹಾಕಿತು. ತಂತ್ರಾಂಶದ ರಫ್ತಿಗೆ ತಡೆಯಿದ್ದ ಕಾಲದಲ್ಲಿ ಅದೇ ವಿಷಯ ಪುಸ್ತಕವಾಗಿ ಹೊರಬಂದದ್ದು ಸ್ವಾರಸ್ಯದ ಸಂಗತಿ.

ಪಿಜಿಪಿಯ ಪತ್ರರೂಪವು 1998ರಲ್ಲಿ ಓಪನ್‌ಪಿಜಿಪಿ ಎಂಬ ಮುಕ್ತ ಮಾನಕವಾಯಿತು. ಜರ್ಮನಿಯ ವರ್ನರ್ ಕೋಖ್ ಅವರ ಗ್ನೂಪಿಜಿ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ 1999ರಲ್ಲಿ ಬಂದಿತು. ಮೊಜಿಲ್ಲಾ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಮೊದಲು ಎನಿಗ್‌ಮೇಲ್ ಎಂಬ ಪ್ರತ್ಯೇಕ ಜೋಡಣೆ ಬೇಕಾಗುತ್ತಿತ್ತು. 2020ರ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಅದರಲ್ಲೇ ಅಂತರ್ಗತವಾಗಿದೆ.

ಕಾರ್ಯವಿಧಾನ

ಪ್ರತಿಯೊಬ್ಬ ಬಳಕೆದಾರರಿಗೂ ಜೋಡಿ ಕೀಲಿಗಳಿರುತ್ತವೆ. ಸಾರ್ವಜನಿಕ ಕೀಲಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಅದು ಬೀಗ ಹಾಕಲು ಮಾತ್ರ ಬರುತ್ತದೆ. ಬೀಗ ತೆರೆಯುವುದು ಖಾಸಗಿ ಕೀಲಿ. ಅದು ಒಡೆಯರ ಗಣಕಯಂತ್ರದಿಂದ ಹೊರಗೆ ಹೋಗಬಾರದು. ತಾಯಿಗೆ ಪತ್ರ ಬರೆಯುವ ಮಗಳು ತಾಯಿಯ ಸಾರ್ವಜನಿಕ ಕೀಲಿಯಿಂದ ಪತ್ರವನ್ನು ಮುಚ್ಚುತ್ತಾಳೆ. ಹಾಗೆ ಮುಚ್ಚಿದ್ದನ್ನು ತೆರೆಯಲು ತಾಯಿಯ ಖಾಸಗಿ ಕೀಲಿಯೇ ಬೇಕು. ಕಳುಹಿಸಿದ ಪ್ರತಿಯನ್ನು ಮುಂದೆ ತಾನೂ ಓದಬೇಕಾದ್ದರಿಂದ ಥಂಡರ್‌ಬರ್ಡ್ ಅದನ್ನು ಮಗಳ ಕೀಲಿಗೂ ಸೇರಿಸಿ ಮುಚ್ಚುತ್ತದೆ. ಖಾಸಗಿ ಕೀಲಿಯಿಂದ ಪತ್ರಕ್ಕೆ ಸಹಿಯನ್ನೂ ಹಾಕಬಹುದು; ಪತ್ರದ ಒಂದಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ.

ಎಸ್/ಮೈಮ್‌ನ ಗಣಿತ ಬಹುಮಟ್ಟಿಗೆ ಇದೇ. ಆದರೆ ಅಲ್ಲಿ ಕೀಲಿ ಯಾರದೆಂಬುದಕ್ಕೆ ಪ್ರಮಾಣಪತ್ರ ನೀಡುವ ಸಂಸ್ಥೆಯೊಂದು ಸಾಕ್ಷಿಯಾಗುತ್ತದೆ. ಕಚೇರಿಗಳಿಗೆ ಅದು ಒಗ್ಗುತ್ತದೆ. ಮನೆಮಂದಿಯ ನಡುವಿನ ವ್ಯವಹಾರಕ್ಕೆ ಓಪನ್‌ಪಿಜಿಪಿ ಸುಲಭ ಮತ್ತು ಖರ್ಚಿಲ್ಲದ್ದು.

ಸ್ಥಾಪನೆ

ಥಂಡರ್‌ಬರ್ಡ್‌ನಲ್ಲಿ ಇ-ಮೇಲ್ ಖಾತೆಯನ್ನು ಸೇರಿಸಿದ ಬಳಿಕ "ಅಕೌಂಟ್ ಸೆಟ್ಟಿಂಗ್ಸ್" ವಿಭಾಗದ "ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್" ಪುಟವನ್ನು ತೆರೆದು, "ಆ್ಯಡ್ ಕೀ" ಒತ್ತಿ ಹೊಸ ಕೀಲಿಯನ್ನು ಸೃಷ್ಟಿಸಬೇಕು. ಕೀಲಿಯ ಅವಧಿ ಮೂರು ವರ್ಷವೆಂದು ತಂತ್ರಾಂಶವೇ ಸೂಚಿಸುತ್ತದೆ. ಅದನ್ನು ಹಾಗೆಯೇ ಬಿಡುವುದು ಲೇಸು, ಮುಂದೆ ವಿಸ್ತರಿಸಬಹುದು. ಸೃಷ್ಟಿಯಾದ ಕೀಲಿಯನ್ನು ಅದೇ ಪುಟದಲ್ಲಿ ಆಯ್ಕೆ ಮಾಡದಿದ್ದರೆ ಅದು ಬಳಕೆಗೆ ಬರುವುದಿಲ್ಲ. ಇದಾದ ಮೇಲೆ ಮುಖ್ಯ ಸೆಟ್ಟಿಂಗ್ಸ್‌ನ ಗೋಪ್ಯತೆಯ ವಿಭಾಗದಲ್ಲಿ "ಪ್ರೈಮರಿ ಪಾಸ್‌ವರ್ಡ್" ಇಡಬೇಕು. ಇದನ್ನು ಇಡದ ಗಣಕಯಂತ್ರ ಬೇರೆಯವರ ಕೈಸೇರಿದರೆ ಖಾಸಗಿ ಕೀಲಿಯೂ ಅವರದಾಗುತ್ತದೆ. ವಿಂಡೋಸ್‌ನಲ್ಲಿ ಬೇರೆ ಇ-ಮೇಲ್ ತಂತ್ರಾಂಶ ಬಳಸುವವರಿಗೆ ಜಿಪಿಜಿ4ವಿನ್ ಕಟ್ಟೂ ಅದರೊಳಗಿನ ಕ್ಲಿಯೋಪಾತ್ರಾ ಎಂಬ ಕೀಲಿ ನಿರ್ವಾಹಕವೂ ಲಭ್ಯ.

ಮುಂದಿನ ಹೆಜ್ಜೆ ಕೀಲಿಗಳ ವಿನಿಮಯ. ಮೊದಲ ಪತ್ರದಲ್ಲಿ ಸಾರ್ವಜನಿಕ ಕೀಲಿಯನ್ನು ಲಗತ್ತಿಸಿ ಕಳುಹಿಸುವುದು ಸರಳ ಕ್ರಮ. ಬಂದ ಕೀಲಿ ನಿಜವಾಗಿ ಅವರದೇ ಎಂದು ಖಚಿತಪಡಿಸಿಕೊಳ್ಳುವುದು ಇಡೀ ವ್ಯವಸ್ಥೆಯ ಆಧಾರ. ಯಾಕೆಂದರೆ ಅಪ್ಪನ ಹೆಸರಿನಲ್ಲಿ ಯಾರು ಬೇಕಾದರೂ ಕೀಲಿಯೊಂದನ್ನು ಸೃಷ್ಟಿಸಬಹುದು. ಪ್ರತಿ ಕೀಲಿಗೂ "ಬೆರಳಚ್ಚು" ಎಂಬ ಗುರುತು ಇದೆ. ಸಾಮಾನ್ಯ ಬಳಕೆಯ ಕೀಲಿಗಳಲ್ಲಿ ಇದು ನಾಲ್ಕು ನಾಲ್ಕರ ಹತ್ತು ಗುಂಪುಗಳಾಗಿ ಬರೆದ 40 ಚಿಹ್ನೆಗಳ ಸಾಲು. ಅಂಕಿಗಳ ಜೊತೆಗೆ ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳಿರುತ್ತವೆ. ಧ್ವನಿ ಪರಿಚಯವಿರುವವರು ಫೋನಿನಲ್ಲಿ ಓದಿ ತಾಳೆ ನೋಡಿದರೆ ಸಾಕು. ಬಿ, ಡಿ, ಇ ಅಕ್ಷರಗಳು ಕಿವಿಗೆ ಒಂದೇ ಬಗೆಯಾಗಿ ಕೇಳುವುದರಿಂದ "ಬೆಂಗಳೂರಿನ ಬಿ, ದೆಹಲಿಯ ಡಿ" ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಬೆರಳಚ್ಚನ್ನು ಇ-ಮೇಲ್‌ನಲ್ಲೇ ಕಳುಹಿಸಿ ತಾಳೆ ನೋಡುವುದು ವ್ಯರ್ಥ. ಕೀಲಿಯನ್ನು ಬದಲಿಸಬಲ್ಲವರು ಬೆರಳಚ್ಚನ್ನೂ ಬದಲಿಸಬಲ್ಲರು.

ಕೊನೆಯದಾಗಿ "ಓಪನ್‌ಪಿಜಿಪಿ ಕೀ ಮ್ಯಾನೇಜರ್" ಮೂಲಕ ಖಾಸಗಿ ಕೀಲಿಯ ಪ್ರತಿಯನ್ನು ಗುಪ್ತಪದ ಸಹಿತ ಕಡತವಾಗಿ ಉಳಿಸಿ, ಎರಡು ಪೆನ್‌ಡ್ರೈವ್‌ಗಳಿಗೆ ನಕಲಿಸಿ ಬೇರೆ ಬೇರೆ ಕಡೆ ಇಡಬೇಕು. ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಹೆಜ್ಜೆ ಇದು. ಸಿಡಿಲು ಮತ್ತು ವಿದ್ಯುತ್ತಿನ ಏರಿಳಿತದಿಂದ ಯಂತ್ರಗಳು ಸುಟ್ಟುಹೋಗುವ ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಬಿಟ್ಟವರು ಹಳೆಯ ಪತ್ರಗಳನ್ನೆಲ್ಲ ಒಂದೇ ಏಟಿಗೆ ಕಳೆದುಕೊಳ್ಳಬಹುದು. ಖಾಸಗಿ ಕೀಲಿ ಹೋದರೆ ಯಾವ ಸಂಸ್ಥೆಯೂ ಅದನ್ನು ಮರಳಿ ಕೊಡಲಾರದು. "ಪಾಸ್‌ವರ್ಡ್ ಮರೆತಿರಾ?" ಎಂಬ ಗುಂಡಿ ಇಲ್ಲಿಲ್ಲ.

ತೊಂದರೆಗಳು ಮತ್ತು ಪರಿಹಾರ

ಪತ್ರ ತೆರೆಯುವುದಿಲ್ಲ. ಖಾಸಗಿ ಕೀಲಿ ಇಲ್ಲವೆಂಬ ಸೂಚನೆ ಬಂದರೆ ಕಳುಹಿಸಿದವರು ಹಳೆಯ ಅಥವಾ ಬೇರೊಂದು ಸಾರ್ವಜನಿಕ ಕೀಲಿಯನ್ನು ಬಳಸಿರುವ ಸಾಧ್ಯತೆಯೇ ಹೆಚ್ಚು. ಹೊಸ ಗಣಕಯಂತ್ರ ಕೊಂಡಾಗ ಹಳೆಯ ಕೀಲಿಯನ್ನು ತಾರದೆ ಹೊಸದನ್ನು ಮಾಡಿಕೊಂಡವರಿಗೆ ಇದು ಎದುರಾಗುತ್ತದೆ. ಹಳೆಯ ಕೀಲಿಯ ಪ್ರತಿಯನ್ನು ಆಮದು ಮಾಡಿಕೊಂಡರೆ ಸರಿಹೋಗುತ್ತದೆ. ಪ್ರತಿಯೇ ಇಲ್ಲದಿದ್ದರೆ ಹೊಸ ಸಾರ್ವಜನಿಕ ಕೀಲಿಯನ್ನು ಕೊಟ್ಟು ಪತ್ರವನ್ನು ಮತ್ತೆ ಕಳುಹಿಸುವಂತೆ ಕೇಳುವುದೊಂದೇ ದಾರಿ.

ಕೀಲಿಯ ಅವಧಿ ಮುಗಿದಿದೆ. ಅವಧಿ ಮುಗಿದ ಖಾಸಗಿ ಕೀಲಿಯೂ ಹಳೆಯ ಪತ್ರಗಳನ್ನು ತೆರೆಯುತ್ತದೆ. ಆದ್ದರಿಂದ ಅದನ್ನು ಎಂದಿಗೂ ಅಳಿಸಬಾರದು. ಅವಧಿಯನ್ನು ವಿಸ್ತರಿಸಿ, ನವೀಕೃತ ಸಾರ್ವಜನಿಕ ಕೀಲಿಯನ್ನು ಎಲ್ಲರಿಗೂ ಮತ್ತೆ ಕಳುಹಿಸಬೇಕು. ವಿಸ್ತರಿಸಿದ್ದು ತಮ್ಮ ಯಂತ್ರದಲ್ಲಿ ಕಂಡರೆ ಸಾಲದು. ಎದುರಿನವರ ಬಳಿ ಇರುವ ಪ್ರತಿ ಹಳೆಯದಾಗಿಯೇ ಇರುತ್ತದೆ.

ಗಡಿಯಾರದ ದೋಷ. ದೀರ್ಘಕಾಲ ವಿದ್ಯುತ್ ಇಲ್ಲದೆ ಬಂದ್ ಆಗಿದ್ದ ಹಳೆಯ ಡೆಸ್ಕ್‌ಟಾಪ್ ಯಂತ್ರದಲ್ಲಿ ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ (ಸಾಮಾನ್ಯವಾಗಿ ಸಿಆರ್ 2032) ಸೋತಿದ್ದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಕೀಲಿಯು "ಭವಿಷ್ಯದಲ್ಲಿ ಸೃಷ್ಟಿಯಾದದ್ದು" ಎಂದು ತಂತ್ರಾಂಶ ಅದನ್ನು ತಿರಸ್ಕರಿಸುತ್ತದೆ. ಸರ್ವರ್‌ನ ಪ್ರಮಾಣಪತ್ರವೂ ಅಮಾನ್ಯವೆಂದು ತೋರಿ ಇ-ಮೇಲ್ ಸಂಪರ್ಕವೇ ನಿಲ್ಲಬಹುದು. ಹೊಸ ಕೀಲಿ ಮಾಡಲು ಹೊರಡುವ ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಬೇಕು. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಎರಡೂ ತೊಂದರೆ ಒಟ್ಟಿಗೆ ನೀಗುತ್ತವೆ.

ಕನ್ನಡದ ಗುಪ್ತಪದ. ಗುಪ್ತಪದವನ್ನು ಕನ್ನಡದಲ್ಲಿ ಇಡುವ ಆಸೆ ಸಹಜ, ಆದರೆ ಅಪಾಯಕಾರಿ. ಯೂನಿಕೋಡ್‌ನಲ್ಲಿ "ಕೋ" ಎಂಬ ಒಂದೇ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಸಂಕೇತಸರಣಿಗಳಲ್ಲಿ ಬರೆಯಬಹುದು. ಕೆಲವು ಒತ್ತಕ್ಷರಗಳಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳೂ ಸೇರಿರುತ್ತವೆ. ಪರದೆಯ ಮೇಲೆ ಒಂದೇ ಆಗಿ ಕಂಡರೂ ಬೇರೆ ಕೀಲಿಮಣೆ ವಿನ್ಯಾಸದಲ್ಲಿ ಬೆರಳಚ್ಚಿಸಿದ ಪದವು ಯಂತ್ರಕ್ಕೆ ಬೇರೆ ಪದವೇ ಆಗಬಹುದು. ಕನ್ನಡದ ಐದಾರು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಇಟ್ಟುಕೊಂಡರೆ ನೆನಪಿಗೂ ಸುಲಭ, ಯಂತ್ರಕ್ಕೂ ಗೊಂದಲವಿಲ್ಲ.

ಕನ್ನಡ ಪಠ್ಯ ಕಲಸಿಹೋಗುವುದು. ಗೂಢಲಿಪಿಯನ್ನು ಪತ್ರದ ಒಕ್ಕಣೆಯಲ್ಲೇ ತುಂಬುವ ಹಳೆಯ "ಇನ್‌ಲೈನ್" ಕ್ರಮದಲ್ಲಿ ಲಿಪಿಸಂಕೇತದ ಮಾಹಿತಿ ತಪ್ಪಿಹೋಗಿ ಕನ್ನಡವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸಬಹುದು. ಪಿಜಿಪಿ/ಮೈಮ್ ಕ್ರಮದಲ್ಲಿ ಈ ದೋಷವಿಲ್ಲ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬರೆದ ಪಠ್ಯವು ಮಾತ್ರ ಎದುರಿನವರಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ ಯಾವ ಕ್ರಮದಲ್ಲೂ ಓದಲು ಬಾರದು. ಅದು ಗೂಢಲಿಪಿಯ ತಪ್ಪಲ್ಲ.

ಮೊಬೈಲ್‌ನಲ್ಲಿ ಕಾಣಿಸದಿರುವುದು. ಬ್ರೌಸರ್‌ನಲ್ಲೋ ಸಾಮಾನ್ಯ ಮೊಬೈಲ್ ತಂತ್ರಾಂಶದಲ್ಲೋ ಪತ್ರ ತೆರೆದರೆ ಒಕ್ಕಣೆ ಖಾಲಿಯಾಗಿದ್ದು ಅಪರಿಚಿತ ಲಗತ್ತೊಂದು ಮಾತ್ರ ಕಾಣುತ್ತದೆ. ಪತ್ರ ಹಾಳಾಗಿಲ್ಲ, ಕೀಲಿ ಇರುವುದು ಮನೆಯ ಗಣಕಯಂತ್ರದಲ್ಲಿ, ಅಷ್ಟೆ. ಆಂಡ್ರಾಯ್ಡ್‌ನಲ್ಲಿ ಓಪನ್‌ಕೀಚೈನ್ ಎಂಬ ತಂತ್ರಾಂಶವನ್ನು ಕೆ-9 ಮೇಲ್‌ನೊಂದಿಗೆ ಬಳಸಿ ಓದಬಹುದು.

ಸಹಿ ಹೊಂದದಿರುವುದು. ವಂಚನೆಯೆಂದು ತಕ್ಷಣ ಗಾಬರಿಯಾಗಬೇಕಿಲ್ಲ. ಕೆಲವು ಕಚೇರಿ ಸರ್ವರ್‌ಗಳು ಪತ್ರದ ರಚನೆಯನ್ನು ಬದಲಿಸುತ್ತವೆ, ಅಡಿಟಿಪ್ಪಣಿ ಸೇರಿಸುತ್ತವೆ. ಆದರೆ ಹಣದ ಬೇಡಿಕೆಯೋ ಬ್ಯಾಂಕ್ ಖಾತೆ ಬದಲಾವಣೆಯೋ ಇರುವ ಪತ್ರದಲ್ಲಿ ಸಹಿ ತಪ್ಪಿದ್ದರೆ ಫೋನ್ ಮಾಡಿ ಕೇಳುವವರೆಗೆ ಮುಂದುವರಿಯಬಾರದು.

ಮಿತಿಗಳು

ಯಾರು ಯಾರಿಗೆ, ಎಂದು ಬರೆದರು, ಪತ್ರದ ಗಾತ್ರವೆಷ್ಟು ಎಂಬುದನ್ನು ಗೂಢಲಿಪಿ ಮರೆಮಾಚುವುದಿಲ್ಲ. ವಿಷಯದ ಸಾಲನ್ನು ಥಂಡರ್‌ಬರ್ಡ್ ಮುಚ್ಚಬಲ್ಲದಾದರೂ ಎಲ್ಲ ತಂತ್ರಾಂಶಗಳೂ ಹಾಗೆ ಮಾಡುವುದಿಲ್ಲವಾದ್ದರಿಂದ ಅಲ್ಲಿ ಗುಟ್ಟನ್ನು ಬರೆಯಬಾರದು. ಖಾಸಗಿ ಕೀಲಿಯೂ ಅದರ ಗುಪ್ತಪದವೂ ಕಳ್ಳರ ಪಾಲಾದರೆ ಆ ಕೀಲಿಗೆ ಬಂದಿದ್ದ ಹಿಂದಿನ ಪತ್ರಗಳೂ ತೆರೆದುಕೊಳ್ಳುತ್ತವೆ. 2018ರ ಮೇ ತಿಂಗಳಲ್ಲಿ ಬಯಲಾದ "ಇಫೇಲ್" ದೋಷವು ಇನ್ನೊಂದು ಪಾಠ: ಎಚ್‌ಟಿಎಂಎಲ್ ಪತ್ರಗಳನ್ನು ತೋರಿಸುವ ರೀತಿಯಲ್ಲಿದ್ದ ಲೋಪವನ್ನು ಬಳಸಿ, ಬಿಡಿಸಿದ ಪಠ್ಯವನ್ನು ಹೊರಗೆ ಸಾಗಿಸಬಹುದಾಗಿತ್ತು. ತಂತ್ರಾಂಶವನ್ನು ನವೀಕರಿಸುತ್ತಿರುವುದು ಮತ್ತು ದೂರದ ಚಿತ್ರಗಳನ್ನು ತಾನಾಗಿ ತೆರೆಯಲು ಬಿಡದಿರುವುದು ಇದಕ್ಕೆ ತಕ್ಕ ಮುನ್ನೆಚ್ಚರಿಕೆ.

ಭಾರತದಲ್ಲಿ ಕಾನೂನು

ಭಾರತದಲ್ಲಿ ಖಾಸಗಿ ವ್ಯಕ್ತಿಗಳು ಇ-ಮೇಲ್‌ಗೆ ಗೂಢಲಿಪಿ ಬಳಸುವುದು ಅಪರಾಧವಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 69ನೇ ಕಲಮಿನ ಅನ್ವಯ ನಿರ್ದಿಷ್ಟ ಕಾರಣಗಳಿಗಾಗಿ ಸರ್ಕಾರವು ಮಾಹಿತಿಯನ್ನು ಬಿಡಿಸಿಕೊಡುವಂತೆ ಆದೇಶಿಸಬಹುದು. ಸಹಕರಿಸದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಗೂಢಲಿಪಿ ನೀತಿಯ ಕರಡು, ಸಂದೇಶಗಳ ಮೂಲಪಠ್ಯವನ್ನು 90 ದಿನ ಕಾದಿರಿಸಬೇಕೆಂದು ಹೇಳಿತ್ತು. ತೀವ್ರ ಟೀಕೆಯಿಂದಾಗಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಕರ್ನಾಟಕದಲ್ಲಿ ಈ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಗೂಢಲಿಪಿ ಸೇವೆ ನೀಡುವ ಸ್ವಿಟ್ಜರ್‌ಲೆಂಡ್‌ನ ಪ್ರೋಟಾನ್ ಮೇಲ್ ಮೂಲಕ ತನ್ನ ಮಹಿಳಾ ಸಿಬ್ಬಂದಿಗೆ ಅಶ್ಲೀಲ ಪತ್ರಗಳು ಬಂದವೆಂದು ವಿನ್ಯಾಸ ಸಂಸ್ಥೆಯೊಂದು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೋಯಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠವು ಆ ಸೇವೆಯನ್ನು ಭಾರತದಲ್ಲಿ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಕಿರುಕುಳಕ್ಕೆ ಗುರಿಯಾದವರ ದೂರು ಲಘುವಾದದ್ದಲ್ಲ. ಆದರೆ ಆ ಆದೇಶ ಒಂದು ಸೇವಾ ಸಂಸ್ಥೆಗೆ ಸಂಬಂಧಿಸಿದ್ದು; ಓಪನ್‌ಪಿಜಿಪಿ ಯಾವುದೇ ಸಂಸ್ಥೆಯ ಸೇವೆಯಲ್ಲ, ಮುಕ್ತ ಮಾನಕ, ಬಳಕೆದಾರರಲ್ಲಿ ಈಗಾಗಲೇ ಇರುವ ಯಾವುದೇ ಇ-ಮೇಲ್ ಖಾತೆಯೊಂದಿಗೆ ಅದು ಕೆಲಸ ಮಾಡುತ್ತದೆ.