ಪು.ಲ. ದೇಶಪಾಂಡೆ (1919–2000): ಏಕವ್ಯಕ್ತಿ ರಂಗಭೂಮಿಯ ಹಾಸ್ಯನಟ

ಪೀಠಿಕೆ
ಮರಾಠಿ ರಂಗಭೂಮಿಯಲ್ಲಿ ಏಕವ್ಯಕ್ತಿ ಹಾಸ್ಯಪ್ರಯೋಗಕ್ಕೆ ಪೂರ್ಣಾವಧಿ ನಾಟಕದ ಮನ್ನಣೆಯನ್ನು ದೊರಕಿಸಿಕೊಟ್ಟವರಲ್ಲಿ ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರು ಪ್ರಮುಖರು. ‘ಪು.ಲ.’ ಎಂದೇ ಜನಪ್ರಿಯರಾದ ಇವರು ಲೇಖಕರು, ನಾಟಕಕಾರರು, ನಟರು ಹಾಗೂ ಸಂಗೀತ ಸಂಯೋಜಕರಾಗಿದ್ದರು.

ಜೀವನ ಮತ್ತು ವೃತ್ತಿ
ಇವರು 1919ರ ನವೆಂಬರ್ 8ರಂದು ಮುಂಬಯಿಯಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜು ಹಾಗೂ ಸಾಂಗ್ಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಬಳಿಕ ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಅನಂತರ ಆಕಾಶವಾಣಿ ಹಾಗೂ ದೂರದರ್ಶನದಲ್ಲಿ ಕಾರ್ಯನಿರ್ವಹಿಸಿದರು. 1953ರಲ್ಲಿ ತೆರೆಕಂಡ ‘ಗುಳಾಚಾ ಗಣಪತಿ’ ಚಲನಚಿತ್ರದ ಕಥೆ, ಸಂಗೀತ, ನಿರ್ದೇಶನ ಹಾಗೂ ಮುಖ್ಯ ಪಾತ್ರ ಇವರದೇ ಆಗಿತ್ತು. ಗದಗ ಮೂಲದ ಪಂಡಿತ ಭೀಮಸೇನ ಜೋಶಿಯವರು ಈ ಚಿತ್ರಕ್ಕಾಗಿ ಹಾಡಿದ್ದಾರೆ.

ಬಟಾಟ್ಯಾಚೀ ಚಾಳ
1958ರಲ್ಲಿ ಪ್ರಕಟವಾದ ಈ ಹಾಸ್ಯಕೃತಿಯನ್ನು ಅವರು 1961ರಲ್ಲಿ ಏಕವ್ಯಕ್ತಿ ಪ್ರಯೋಗವಾಗಿ ರಂಗಕ್ಕೆ ತಂದರು. ‘ಚಾಳ’ ಎಂದರೆ ಕನ್ನಡದಲ್ಲಿ ವಠಾರ. ಮುಂಬಯಿಯ ಮಧ್ಯಮ ಹಾಗೂ ಕೆಳಮಧ್ಯಮ ವರ್ಗದ ಕುಟುಂಬಗಳು ಒಂದೇ ಸೂರಿನಡಿ ನಡೆಸುವ ಬದುಕು, ಅವರ ಜಗಳ, ಉಪವಾಸ, ಸಂಗೀತದ ಹವ್ಯಾಸ, ದೊಡ್ಡ ಯೋಜನೆ ಹಾಗೂ ಸಣ್ಣ ಆದಾಯ ಇದರ ವಸ್ತು. ಸಹನಟರ ನೆರವಿಲ್ಲದೆ, ಧ್ವನಿಯ ಏರಿಳಿತ, ಮಾತಿನ ಧಾಟಿ ಹಾಗೂ ಆಂಗಿಕ ಅಭಿನಯಗಳಿಂದಲೇ ಅವರು ಇಡೀ ವಠಾರವನ್ನು ಪ್ರೇಕ್ಷಕರ ಮುಂದೆ ನಿಲ್ಲಿಸುತ್ತಿದ್ದರು. ಒಬ್ಬರೇ ಕಥೆ ಹೇಳುತ್ತ ಪಾತ್ರಗಳಾಗಿ ಮಾರ್ಪಡುವ ಈ ಕ್ರಮವು ಕನ್ನಡ ನಾಡಿನ ಹರಿಕಥೆ ಹಾಗೂ ಮಹಾರಾಷ್ಟ್ರದ ಕೀರ್ತನ ಪರಂಪರೆಯನ್ನು ನೆನಪಿಗೆ ತರುತ್ತದೆ.

ಪಾತ್ರಗಳ ದೌರ್ಬಲ್ಯಗಳನ್ನು ನಗೆಗೆ ಗುರಿಮಾಡಿದರೂ ಅವರನ್ನು ಹೀಯಾಳಿಸದಿರುವುದು ಈ ಹಾಸ್ಯದ ವೈಶಿಷ್ಟ್ಯ. ಕೃತಿಯ ಕೊನೆಯ ಭಾಗದಲ್ಲಿ ನಗು ಹಿಂದೆ ಸರಿದು, ಮರೆಯಾಗುತ್ತಿರುವ ಕೂಡುಬಾಳ್ವೆಯನ್ನು ಕುರಿತ ಚಿಂತನೆ ಮೂಡುತ್ತದೆ. ಅಷ್ಟು ಹೊತ್ತು ನಕ್ಕ ಪ್ರೇಕ್ಷಕರು ತಾವು ನಕ್ಕದ್ದು ತಮ್ಮದೇ ನೆರೆಹೊರೆಯನ್ನು ಕಂಡು ಎಂಬುದನ್ನು ಅರಿಯುತ್ತಾರೆ.

ಇತರ ರಂಗಕೃತಿಗಳು
ಸಾಮಾನ್ಯ ಗುಮಾಸ್ತನೊಬ್ಬನ ಆತ್ಮಕಥನದ ರೂಪದಲ್ಲಿರುವ ‘ಅಸಾ ಮೀ ಅಸಾಮೀ’ ಕೃತಿಯನ್ನೂ ಅವರು ರಂಗದ ಮೇಲೆ ಪ್ರಸ್ತುತಪಡಿಸಿದರು. ‘ತುಝೆ ಆಹೆ ತುಜಪಾಶೀ’ ಹಾಗೂ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ರೂಪಾಂತರವಾದ ‘ತೀ ಫುಲರಾಣಿ’ ಇವರ ಹೆಸರಾಂತ ನಾಟಕಗಳು.

ಸಮಾಜಸೇವೆ
ಪತ್ನಿ ಸುನೀತಾ ದೇಶಪಾಂಡೆಯವರೊಡನೆ ಸ್ಥಾಪಿಸಿದ ಪ್ರತಿಷ್ಠಾನದ ಮೂಲಕ ತಮ್ಮ ಗಳಿಕೆಯ ಗಣನೀಯ ಭಾಗವನ್ನು ಸಾರ್ವಜನಿಕ ಕಾರ್ಯಗಳಿಗೆ ವಿನಿಯೋಗಿಸಿದರು. ಪುಣೆಯಲ್ಲಿ 1986ರಲ್ಲಿ ಆರಂಭವಾದ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರಕ್ಕೂ ಇವರ ನೆರವು ದೊರೆಯಿತು. ವಠಾರದ ಬಡತನವನ್ನು ಹಾಸ್ಯವಾಗಿಸಿದ ಕಲಾವಿದರು ಅದರಿಂದ ಬಂದ ಗಳಿಕೆಯನ್ನು ಸಮಾಜಕ್ಕೇ ಹಿಂದಿರುಗಿಸಿದುದು ಗಮನಾರ್ಹ.

ಪ್ರಶಸ್ತಿ, ಗೌರವಗಳು
• ಸಾಹಿತ್ಯ ಅಕಾಡೆಮಿ ಪ್ರಶಸ್ತಿ – 1965 (‘ವ್ಯಕ್ತಿ ಆಣಿ ವಲ್ಲೀ’)
• ಪದ್ಮಶ್ರೀ – 1966
• ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ – 1967
• ಪದ್ಮಭೂಷಣ – 1990
• ಮಹಾರಾಷ್ಟ್ರ ಭೂಷಣ – 1996

ನಿಧನ
ಇವರು 2000ದ ಜೂನ್ 12ರಂದು ಪುಣೆಯಲ್ಲಿ ನಿಧನರಾದರು. ಮುಂಬಯಿಯ ಪ್ರಭಾದೇವಿಯಲ್ಲಿರುವ ಮಹಾರಾಷ್ಟ್ರ ಸರ್ಕಾರದ ಕಲಾ ಅಕಾಡೆಮಿಗೆ ಇವರ ಹೆಸರನ್ನಿಡಲಾಗಿದೆ. ಅಪಾರ ರಂಗಸಜ್ಜಿಕೆಗೆ ಹಣ ಒದಗಿಸಲಾಗದ ಹವ್ಯಾಸಿ ಕಲಾವಿದರಿಗೆ ಇವರ ಪ್ರಯೋಗಗಳು ಇಂದಿಗೂ ಉತ್ತಮ ಮಾದರಿಯಾಗಿವೆ.